ಬರಿಗೈ ನಡಿಗೆ

"ಎಳೀಬೇಡ ಕಣೇ, ಮುರ್ದುಗಿರ್ದು ಹೋದಾತು."

"ಇನ್ನೊಂದು ಚೊಂಬು ಬಿಸಿನೀರು ಹುಯ್ಯಿ. ತಾನಾಗೇ ಬಿಡ್ತದೆ."

ಬಿಡಲಿಲ್ಲ. ಮುನಿತಾಯಮ್ಮನ ಬಲಗೈಯ ಬೆರಳುಗಳು ಮಡಚಿಕೊಂಡಂತೆಯೇ ಇದ್ದವು. ಹಿತ್ತಿಲಲ್ಲಿ ನೀರಿನ ಸಂಪಿನ ಪಕ್ಕ ಹಲಗೆಯ ಮೇಲೆ ಅವಳನ್ನು ಮಲಗಿಸಿ, ಹೆಂಗಸರು ಸುತ್ತ ಸೀರೆ ಹಿಡಿದು ಮರೆ ಮಾಡಿದ್ದರು. ಮೂರಂತಸ್ತಿನ ಬಾಡಿಗೆ ಮನೆಗಳ ಬಾಲ್ಕನಿಗಳಿಂದ ಯಾರಾದರೂ ನೋಡಿಯಾರು ಎಂಬ ಭಯ. ಆ ಮನೆಗಳೆಲ್ಲ ಅವಳ ಗಂಡನವೇ. ಅರಿಸಿನ ಹಚ್ಚಿ, ತಲೆಗೆ ನೀರು ಹಾಕಿ, ಮುಖ ತೊಳೆದದ್ದಾಗಿತ್ತು. ಕೈ ಮಾತ್ರ ಹಟ ಹಿಡಿದಿತ್ತು.

ಕೊಮ್ಮಘಟ್ಟದಿಂದ ಬಂದಿದ್ದ ಅವಳ ತಮ್ಮನ ಹೆಂಡತಿ ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ಬಿಡಿಸಲು ನೋಡಿದಳು. ಬೆರಳುಗಳ ಒಳಮಗ್ಗುಲಲ್ಲಿ ಅಡ್ಡಕ್ಕೆ ಒಂದು ಗೆರೆ, ಜಡ್ಡುಗಟ್ಟಿ ಕಪ್ಪಾಗಿತ್ತು.

"ಏನೋ ಹಿಡ್ಕೊಂಡಂಗೇ ಔಳಲ್ಲ ಅತ್ಗೆ. ಏನಿತ್ತು ಕೈಲಿ?"

ಚೊಂಬು ಹಿಡಿದು ನಿಂತಿದ್ದ ಸೊಸೆ ಕುಸುಮಾ, "ಬ್ಯಾಗು," ಎಂದಳು.

"ಯಾವ ಬ್ಯಾಗು?"

"ಯಾವಾಗಲೂ ಇರ್ತಿತ್ತಲ್ಲ ಚಿಕ್ಕತ್ತೆ, ಕೆಂಪು ವೈರ್ ಬ್ಯಾಗು."

"ಅಯ್ಯೋ, ಅದಕ್ಯಾಕೆ ಇಷ್ಟು ಬಿಗಿ. ಎಲೆಅಡಿಕೆ ಇಡಕ್ಕಾದ್ರೂ ಕೈ ಬಿಚ್ಚಬೇಕಲ್ಲ."

"ಏನೂ ಇಡೋದು ಬೇಡ," ಎಂದಳು ಕುಸುಮಾ. "ಕೈಗೂ ಬೇಡ, ಮಡಿಲಿಗೂ ಬೇಡ. ಅವರೇ ಹೇಳಿದ್ರು, ನಾನು ಸತ್ರೆ ಬರಿಗೈಲಿ ಕಳಿಸು ಅಂತ. ನಾನು ಹೂಂ ಅಂದಿದೀನಿ."

ಸೀರೆ ಹಿಡಿದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುತ್ತೈದೆ ಸತ್ತರೆ ತವರಿನವರು ಮಡಿಲು ತುಂಬಬೇಕು. ಹೊಸ ಸೀರೆಯ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆಅಡಿಕೆ, ಬಳೆ ಹಾಕಿ ಗಂಟು ಕಟ್ಟಿ ಕಳಿಸಬೇಕು. ಬಂದದ್ದು ತುಂಬಿದ ಮಡಿಲಲ್ಲಿ, ಹೋಗುವುದೂ ಹಾಗೇ. ಇದರಲ್ಲಿ ಕೇಳುವುದು ಹೇಳುವುದು ಏನಿದೆ?

"ನಿಮ್ ತವರು ಅತ್ತಿಗುಪ್ಪೆ ಕಡೆ ಹೆಂಗೋ ಕಾಣೆ ಕಣಮ್ಮ," ಎಂದಳು ತಮ್ಮನ ಹೆಂಡತಿ. "ನಮ್ ಕಡೆ ಬರೀ ಮಡಿಲಲ್ಲಿ ಕಳಿಸೋದು ಗತಿಗೆಟ್ಟೋರ ಮನೆ ಹೆಣ."

ಮಾತು ಹಿತ್ತಿಲಿನಿಂದ ಅಂಗಳಕ್ಕೆ ಮುಟ್ಟಲು ಹೊತ್ತಾಗಲಿಲ್ಲ. ತಮ್ಮ ಮುನಿಯಪ್ಪ ಬಾಗಿಲ ಹೊರಗೆ ಬಂದು ನಿಂತ. ಕಂಕುಳಲ್ಲಿ ಹಳದಿ ಬಟ್ಟೆಯ ಗಂಟು. ಅಕ್ಕನಿಗೂ ತಮ್ಮನಿಗೂ ಒಂದೇ ಮುನೇಶ್ವರನ ಹೆಸರು. ಆ ಅಕ್ಕನ ಸೊಂಟದ ಮೇಲೆ ಕೂತೇ ಅವನು ಊರು ನೋಡಿದ್ದ.

"ಪ್ರತೀ ಗೌರಿ ಹಬ್ಬಕ್ಕೂ ಬಾಗಿನ ತಂದಿದೀನಮ್ಮ," ಎಂದ. "ಒಂದ್ಸಲಾನೂ ತಪ್ಪಿಸಿಲ್ಲ. ಇದು ಕೊನೇದು. ಇದನ್ನೂ ಬೇಡ ಅಂದ್ರೆ ನಾನು ಈ ಗಂಟನ್ನ ಏನು ಮಾಡ್ಲಿ?"

ಕುಸುಮಾ ಚೊಂಬು ಕೆಳಗಿಟ್ಟಳು. ಹಿಂದಿನಿಂದ ಅವಳ ಗಂಡ ಮೋಹನ್ ಕುಮಾರ್ ಬಂದು ತಗ್ಗಿದ ದನಿಯಲ್ಲಿ, "ಸೀನ್ ಮಾಡ್ಬೇಡ ಪ್ಲೀಸ್. ಜನ ಎಲ್ಲ ಕೂತಿದಾರೆ. ಮಾವ ಅವರ ಶಾಸ್ತ್ರ ಮಾಡ್ಕೊಳ್ಳಲಿ ಬಿಡು," ಎಂದ.

"ಮಾತು ಕೊಟ್ಟಿದೀನಿ ರೀ."

"ಅಮ್ಮ ಏನೋ ತಮಾಷೆಗೆ ಅಂದಿರ್ತಾಳೆ."

"ನಿಮ್ಮಮ್ಮ ತಮಾಷೆ ಮಾಡಿದ್ದು ನೀವು ಯಾವತ್ತು ನೋಡಿದ್ರಿ?"

*

ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ, ಹೋದ ವರ್ಷ, ಆಸ್ಪತ್ರೆಯ ನೆಲಮಾಳಿಗೆಯ ಒಂದು ಕೋಣೆಗೆ ಮುನಿತಾಯಮ್ಮನನ್ನು ಕರೆದಿದ್ದರು. ಹೃದಯದ ಕಾಯಿಲೆಯಿಂದ ಎದ್ದವರಿಗೆ ವ್ಯಾಯಾಮ ಹೇಳಿಕೊಡುವ ಕೋಣೆ ಅದು. ಕುಸುಮಾ ರಜೆ ಹಾಕಿ ಜೊತೆಗೆ ಹೋಗಿದ್ದಳು. ಮಾವ ಕೆಂಪಯ್ಯನೂ ಬಂದಿದ್ದ, ಹೆಂಡತಿಯನ್ನು ಆಸ್ಪತ್ರೆಗೆ ಒಬ್ಬಳೇ ಕಳಿಸುವವನಲ್ಲ ಅವನು. ಅಲ್ಲಿದ್ದ ಹುಡುಗಿಯ ಹೆಸರು ತನ್ಮಯಿ. ಮೊಮ್ಮಗಳು ಸ್ಪಂದನಳಿಗಿಂತ ತುಸುವೇ ದೊಡ್ಡವಳಂತೆ ಕಾಣುತ್ತಿದ್ದ ಅವಳನ್ನು ಮುನಿತಾಯಮ್ಮ ಮೊದಲ ನೋಟಕ್ಕೇ 'ತಾಯಿ' ಎಂದಳು.

"ಮನೇಲಿ ಕೆಲಸ ಮಾಡ್ತೀರಾ ಅಮ್ಮ?"

"ಮಾಡ್ದೆ ಇನ್ಯಾರು ಮಾಡ್ತಾರೆ ತಾಯಿ."

ಕೆಂಪಯ್ಯ ನಕ್ಕ. "ಮೇಡಂ, ಇವಳು ಬೆಳಿಗ್ಗೆ ಎದ್ರೆ ಮಲಗೋ ತನಕ ಕೂತೋಳಲ್ಲ. ಇವಳಿಗೆ ಎಕ್ಸರ್ಸೈಜ್ ಹೇಳ್ಕೊಡೋದು ಅಂದ್ರೆ ಮೀನಿಗೆ ಈಜು ಹೇಳ್ಕೊಟ್ಟಂಗೆ."

"ಅದು ದುಡಿಮೆ ಸಾರ್, ಇದು ಔಷಧಿ," ಎಂದಳು ತನ್ಮಯಿ, ತಲೆ ಎತ್ತದೆ. "ಪಾತ್ರೆ ತೊಳೆದದ್ದು, ನೆಲ ಒರೆಸಿದ್ದು ಇದರ ಲೆಕ್ಕಕ್ಕೆ ಬರಲ್ಲ. ಮಾತ್ರೆ ನುಂಗೋ ಬದಲು ಊಟ ಮಾಡಿದೀನಿ ಅಂದ್ರೆ ಒಪ್ತೀರಾ?"

ಆಮೇಲೆ ಅವಳು ಹೇಳಿದ್ದು ಸರಳವಾಗಿತ್ತು. ಮೊದಲು ಸ್ವಲ್ಪ ಸ್ವಲ್ಪ, ಆಮೇಲೆ ದಿನಾ ಅರ್ಧ ಗಂಟೆ ನಡೆಯಬೇಕು. ಒಂದೇ ಸಮ ನಡೆಯಬೇಕು, ಅಲ್ಲಿ ಇಲ್ಲಿ ನಿಲ್ಲಬಾರದು. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸು ಸಾಕು. ಎದೆ ಹಿಡಿದರೆ ಮಾತ್ರ ತಕ್ಷಣ ನಿಲ್ಲಬೇಕು. ಭಾರ ಎತ್ತಬಾರದು. ಕೈಯಲ್ಲಿ ಏನೂ ಇರಬಾರದು.

"ಬನ್ನಿ, ನಡೆದು ತೋರಿಸಿ."

ಮುನಿತಾಯಮ್ಮ ಕೋಣೆಯ ಹೊರಗಿನ ಉದ್ದನೆಯ ಓಣಿಯಲ್ಲಿ ನಡೆದಳು. ಒಂದು ಕೈ ಸೆರಗು ಹಿಡಿದಿತ್ತು, ಇನ್ನೊಂದು ಕೈ ಆ ಕೈಯನ್ನು ಹಿಡಿದಿತ್ತು.

"ಕೈ ಬಿಡಿ ಅಮ್ಮ."

"ಬಿಟ್ಟು ಏನು ಮಾಡ್ಲಿ ತಾಯಿ ಕೈನ?"

"ಏನೂ ಮಾಡ್ಬೇಡಿ. ಅದಕ್ಕೇನೂ ಕೆಲಸ ಇಲ್ಲ. ಸುಮ್ನೆ ಬೀಸ್ಕೊಂಡು ನಡೀರಿ."

"ಹಂಗೂ ಉಂಟಾ?" ಎಂದಳು ಮುನಿತಾಯಮ್ಮ. ನಾಚಿಕೆಯಿಂದ ನಕ್ಕು ಎರಡೂ ಕೈ ಬಿಟ್ಟಳು. ಮೊದಲು ಅವು ಪಕ್ಕದಲ್ಲಿ ಸೌದೆಯ ಹಾಗೆ ನಿಂತವು. ಓಣಿಯ ಆ ತುದಿ ಮುಟ್ಟಿ ಹಿಂದಿರುಗುವಾಗ ಬೀಸತೊಡಗಿದ್ದವು. ಕುಸುಮಾ ತನ್ನ ಅತ್ತೆಯ ಕೈಗಳನ್ನು ಅವತ್ತೇ ಮೊದಲು ನೋಡಿದ ಹಾಗಾಯಿತು. ಅದುವರೆಗೆ ಅವುಗಳಲ್ಲಿ ಇದ್ದದ್ದನ್ನಷ್ಟೇ ನೋಡಿದ್ದಳು: ಮೊರ, ಮಗು, ಸೌಟು, ಬಕೆಟ್ಟು.

*

ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗಂಡಸರು ಕೂತಿದ್ದರು. ಮುನಿತಾಯಮ್ಮನನ್ನು ಸ್ನಾನ ಮಾಡಿಸಿ, ಹೊಸ ಸೀರೆ ಉಡಿಸಿ ಚಾಪೆಯ ಮೇಲೆ ಮಲಗಿಸಿದ್ದರು. ಹಣೆ ತುಂಬ ಕುಂಕುಮ. ಬಂದವರೆಲ್ಲ, "ಪುಣ್ಯಾತ್ಗಿತ್ತಿ, ಮುತ್ತೈದೆಯಾಗಿ ಹೋದ್ಲು," ಎಂದರು. ಹೆಣ್ಣು ಗಂಡನಿಗಿಂತ ಮೊದಲು ಸತ್ತರೆ ಅದು ಪುಣ್ಯ. ಯಾಕೆ ಸತ್ತಳು ಎಂದು ಕೇಳುವ ಕಷ್ಟವನ್ನು ಈ ಒಂದು ಮಾತು ತಪ್ಪಿಸುತ್ತದೆ.

"ಹಾರ್ಟು ಅಂತ ಗೊತ್ತಿತ್ತಲ್ಲ ಕೆಂಪಯ್ಯನೋರೆ. ಹುಷಾರಾಗಿ ನೋಡ್ಕೋತಿರಲಿಲ್ವಾ?"

"ಏನ್ ಕಮ್ಮಿ ಮಾಡಿದೀನಿ?" ಎಂದ ಕೆಂಪಯ್ಯ. "ಮಾತ್ರೆ ನಾನೇ ತಂದ್ಕೊಡ್ತಿದ್ದೆ. ಶೂ ಬೇಕು ಅಂದ್ರು, ಮೋಹನ ತಂದ. ಸಾಯಂಕಾಲ ಆದ್ರೆ ನಾನೇ ಜ್ಞಾಪಿಸ್ತಿದ್ದೆ, ಎದ್ದೇಳೇ, ವಾಕಿಂಗ್ ಹೊತ್ತಾಯ್ತು ಅಂತ. ಮಳೆ ಬಂದ್ರೂ ಕಳಿಸಿದೀನಿ. ಒಂದು ದಿನ ತಪ್ಪಿಲ್ಲ."

"ಈ ವಾಕಿಂಗೂ ಗೀಕಿಂಗೂ ಎಲ್ಲಾ ಡಾಕ್ಟರ್ಗಳ ಡೌಲು ಬಿಡಿ," ಎಂದ ಇನ್ನೊಬ್ಬ. "ನಮ್ಮಪ್ಪ ಬೀಡಿ ಸೇದ್ಕೊಂಡು ತೊಂಬತ್ತು ವರ್ಷ ಇದ್ದ."

"ನಿಮ್ಮಪ್ಪ ಜಗಲಿ ಬಿಟ್ಟು ಏಳ್ತಿರಲಿಲ್ಲ, ಯಮಂಗೆ ಮನೆ ಸಿಗಲಿಲ್ಲ," ಎಂದ ಮೂರನೆಯವನು. ಕುರ್ಚಿಗಳಲ್ಲಿ ನಗೆ ಎದ್ದು, ಹೆಣದ ಕಡೆ ನೋಡಿ, ಅಡಗಿತು.

ಅಷ್ಟರಲ್ಲಿ ಸತ್ಯವತಿ ಬಂದರು. ಕೆರೆಯಾಚೆಯ ಲೇಔಟಿನವರು, ಕೆರೆಯ ಸುತ್ತ ದಿನಾ ನಡೆಯುವವರು. ಮಲ್ಲಿಗೆ ಮಾಲೆಯನ್ನು ಮುನಿತಾಯಮ್ಮನ ಎದೆಯ ಮೇಲಿಟ್ಟು, ಕೈಮುಗಿದು, ಕುಸುಮಾಳ ಪಕ್ಕ ಕೂತರು. ಕೆಂಪಯ್ಯನ ಮಾತು ಅವರ ಕಿವಿಗೆ ಬಿದ್ದಿತ್ತು.

"ನಿಮ್ಮತ್ತೆ ಒಂದು ಸುತ್ತೂ ಪೂರ್ತಿ ಮುಗಿಸಲಿಲ್ಲ ಕಣಮ್ಮ," ಎಂದರು. ಪಿಸುಮಾತೇ, ಆದರೆ ಪಾಠ ಹೇಳಿ ಪಳಗಿದ ಗಂಟಲು ಅದು. ಕುರ್ಚಿಗಳಿಗೂ ಕೇಳಿಸಿತು.

"ಏನಮ್ಮ ಹಂಗಂದ್ರೆ?" ಎಂದ ಕೆಂಪಯ್ಯ. "ದಿನಾ ಬರ್ತಿದ್ಲಲ್ಲ?"

"ಬರ್ತಿದ್ರು ಸಾರ್, ನಾನೆಲ್ಲಿ ಇಲ್ಲ ಅಂದೆ? ಗೇಟಿನ ಹತ್ತಿರ ಸಿಗ್ತಿದ್ರು. ಇವತ್ತು ಒಂದು ಸುತ್ತು ಹೋಗಲೇಬೇಕು ಸತ್ಯಮ್ಮ ಅಂತಿದ್ರು. ನೀಲಗಿರಿ ಮರದ ತನಕ ಬರೋರು, ಅಷ್ಟರಲ್ಲಿ ಅಯ್ಯೋ ಡೈರಿ ಮುಚ್ಚುತ್ತೆ ಅಂತ ತಿರುಗೋರು. ಒಂದು ದಿನ ಟೈಲರು, ಒಂದು ದಿನ ಗ್ಯಾಸಿನೋನು. ಬ್ಯಾಗ್ ಇಲ್ಲಿಟ್ಟು ಬನ್ನಿ, ವಾಚ್‌ಮನ್ ನೋಡ್ಕೋತಾನೆ ಅಂತ ನಾನೇ ಹೇಳಿದೀನಿ. ಬೇಡಮ್ಮ, ನಮ್ಮೋರು ಯಾರಾದ್ರೂ ಬರಿಗೈಲಿ ನೋಡ್ಬಿಟ್ರೆ ಅಂತ ಹೆದರೋರು."

ಕೆಂಪಯ್ಯ ಏನೋ ಹೇಳಲು ಬಾಯಿ ತೆರೆದ. ಪಕ್ಕದವನು ಟೀ ಲೋಟ ಚಾಚಿದ. ಅದನ್ನು ತೆಗೆದುಕೊಂಡ.

*

ಮೊದಲ ದಿನ ಅವಳು ಬರಿಗೈಯಲ್ಲೇ ಹೊರಟಿದ್ದಳು. ಕಾಲಲ್ಲಿ ಮಗ ತಂದ ಬಿಳಿ ಶೂ. ಹಳೇ ಊರಿನ ಬೀದಿ ಅದು. ಎರಡೂ ಕಡೆ ಕಟ್ಟಡಗಳು ಎದ್ದಿದ್ದರೂ ಕೆಳಗಿನ ಜಗಲಿಗಳೂ ಅವುಗಳ ಮೇಲಿನ ಬಾಯಿಗಳೂ ಹಾಗೇ ಇದ್ದವು.

"ಏನ್ ಮುನಿತಾಯಕ್ಕ, ಓಟಕ್ಕೆ ಹೊಂಟ್ಯಾ?"

"ಕೈ ಬೀಸ್ಕೊಂಡು ಹೊಂಟೌಳಲ್ಲಪ್ಪ, ಮನೇಲಿ ಸೊಸೆ ಮುದ್ದೆ ತಿರುವ್ತಾಳಾ?"

"ಬಾಡಿಗೆ ವಸೂಲಿಗಿರಬೇಕು ಬಿಡ್ರೋ. ಸುಮ್ನೆ ಯಾಕೆ ಹೋಗ್ತಾಳೆ?"

ಅದೇ ಬೀದಿಯಲ್ಲಿ ಕೆಂಪಯ್ಯ ಬೆಳಿಗ್ಗೆ ಸಂಜೆ ಕೈ ಹಿಂದೆ ಕಟ್ಟಿಕೊಂಡು ತಿರುಗಾಡುತ್ತಿದ್ದ. ಗಂಡಸು ಸುಮ್ಮನೆ ನಡೆದರೆ ಯಜಮಾನ. ಹೆಂಗಸು ಸುಮ್ಮನೆ ನಡೆದರೆ ಅದಕ್ಕೊಂದು ಕಾರಣ ಬೇಕು. ಮಾರನೆಯ ದಿನ ಮುನಿತಾಯಮ್ಮ ಶೂ ಬಿಟ್ಟು ಹವಾಯಿ ಚಪ್ಪಲಿ ಮೆಟ್ಟಿದಳು, ಮೊಳೆಗೆ ನೇತುಹಾಕಿದ್ದ ಕೆಂಪು ವೈರ್ ಬ್ಯಾಗನ್ನು ಕೈಗೆ ತೆಗೆದುಕೊಂಡಳು. ಖಾಲಿ ಬ್ಯಾಗು. ಜಗಲಿಯವರು, "ಅಂಗಡಿಗಾ?" ಎಂದರು. "ಹೂಂ," ಎಂದಳು. ಅಲ್ಲಿಗೆ ಮುಗಿಯಿತು. ಯಾರೂ ಮತ್ತೆ ಏನೂ ಕೇಳಲಿಲ್ಲ.

ಒಂದು ವಾರ ಆ ಬ್ಯಾಗು ಖಾಲಿ ಹೋಗಿ ಖಾಲಿ ಬಂದಿತು. ಆಮೇಲೆ ಅದು ಮನೆಯವರ ಕಣ್ಣಿಗೆ ಬಿತ್ತು.

"ಹೆಂಗೂ ಹೋಗ್ತಿದೀಯಲ್ಲ," ಎಂದ ಕೆಂಪಯ್ಯ, "ಎರಡು ಪಾಕೀಟು ಹಾಲು ತಂದ್ಬಿಡು."

ಹಾಲಿನಿಂದ ಸುರುವಾಯಿತು. ಹೆಂಗೂ ಹೋಗ್ತಿದೀಯಲ್ಲ, ಕರೆಂಟ್ ಬಿಲ್ ಕಟ್ಬಿಡು. ಹೆಂಗೂ ಹೋಗ್ತಿದೀಯಲ್ಲ, ಮೂರನೇ ಮನೆಯವನು ಮೋಟ್ರು ಕೆಟ್ಟಿದೆ ಅಂದ, ರಿಪೇರಿಯವನ ಅಂಗಡಿಗೆ ಹೇಳಿ ಬಾ. ಅಮ್ಮ, ಹೆಂಗೂ ಹೋಗ್ತಿದೀಯಲ್ಲ, ಅಂಗಡಿಯಿಂದ ಆ ನಲ್ಲಿ ತಗೊಂಡ್ಬಾ. ಅಜ್ಜಿ, ಚಾರ್ಟ್ ಪೇಪರ್. ಕುಸುಮಾಳೂ ಒಮ್ಮೆ ಅಂದಿದ್ದಳು: "ಅತ್ತೆ, ಹೆಂಗೂ ಹೋಗ್ತಿದೀರಲ್ಲ, ನನ್ನ ಬ್ಲೌಸು ಟೈಲರ್ ಹತ್ರ ಕೊಟ್ಬಿಡ್ತೀರಾ?" ಕೆಂಗೇರಿ ಉಪನಗರದ ಶಾಲೆಯಲ್ಲಿ ಪಾಠ ಮುಗಿಸಿ, ಎರಡು ಬಸ್ಸು ಬದಲಿಸಿ ಬಂದ ಸಂಜೆ ಅದು. ಅತ್ತೆ ಬ್ಲೌಸನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಿದ್ದಳು. ಬೇಡ ಅನ್ನಲು ಬರುತ್ತಿರಲಿಲ್ಲ ಅವಳಿಗೆ; ಬೇಡ ಎಂದರೆ ಮನೆಯವರು ನಡೆಯಲಿಕ್ಕೇ ಬಿಡದೆ ಹೋದರೆ?

ಯಾರಿಗೂ ಸುಳ್ಳು ಹೇಳುತ್ತಿರುವ ಭಾವವಿರಲಿಲ್ಲ. ಮುನಿತಾಯಮ್ಮ ಮನೆ ಬಿಟ್ಟು ಹೊರಟಳು, ತಿರುಗಿ ಬಂದಳು, ಬೆವತಿದ್ದಳು. ವಾಕಿಂಗ್ ಅಂದರೆ ಮತ್ತೇನು? ಮುಂದಿನ ತಪಾಸಣೆಯಲ್ಲಿ ತನ್ಮಯಿ, "ದಿನಾ ನಡೀತೀರಾ?" ಎಂದಾಗ ಕೆಂಪಯ್ಯನೇ ಎದೆ ತಟ್ಟಿ, "ನಾನು ಗ್ಯಾರಂಟಿ ಮೇಡಂ," ಎಂದಿದ್ದ. ಮುನಿತಾಯಮ್ಮ ಅವನ ಮುಖ ನೋಡಿ ಹೂಂ ಎಂದಿದ್ದಳು.

ಒಂದು ಭಾನುವಾರ ಸಂಪಿನ ಪಕ್ಕ ಬಟ್ಟೆ ಹಿಂಡುತ್ತ ಅವಳೇ ಮಾತು ತೆಗೆದಳು.

"ಕುಸುಮಾ, ನಾನು ಸತ್ರೆ ನಮ್ ಮುನಿಯಪ್ಪ ಮಡಿಲಕ್ಕಿ ತರ್ತಾನೆ."

"ಏನ್ ಮಾತು ಅತ್ತೆ ಅದು, ಸಾಯಂಕಾಲದ ಹೊತ್ತು!"

"ಕೇಳೇ ಇಲ್ಲಿ. ತಂದ್ರೆ ಬೇಡ ಅನ್ನು. ಆವತ್ತು ಆಸ್ಪತ್ರೇಲಿ ನಡೆದ್ನಲ್ಲ, ಆ ಹುಡುಗಿ ಎದುರಿಗೆ, ಹಂಗೆ ಹೋಗ್ಬೇಕು ನಾನು. ಒಂದ್ಸಲನಾದ್ರೂ ಬರಿಗೈಲಿ ಹೋಗ್ತೀನಿ. ಹೂಂ ಅನ್ನು."

ಕುಸುಮಾ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದು ಹಿಂಡುತ್ತಿದ್ದಳು. ಹೂಂ ಎಂದಳು.

ನಿನ್ನೆ ಸಂಜೆ ಬ್ಯಾಗಿನಲ್ಲಿ ರಾಗಿ ಇತ್ತು. ಬಂಧುಗಳ ಮನೆಯ ನಾಮಕರಣಕ್ಕೆಂದು ಹೆಚ್ಚಾಗಿಯೇ ಹಾಕಿದ್ದರು. ಹೆಂಗೂ ಹೋಗ್ತಿದೀಯಲ್ಲ, ಮಿಲ್ಲಿಗೆ ಹಾಕಿಸ್ಕೊಂಡು ಬಾ. ಹಿಟ್ಟು ಬೀಸಿಕೊಟ್ಟ ಮೇಲೆ ಅವಳು ಮಿಲ್ಲಿನ ಮೆಟ್ಟಿಲ ಮೇಲೆ ಕೂತಳು. ಮಿಲ್ಲಿನವನು ರಾತ್ರಿ ಮನೆಗೆ ಬಂದು ಹೇಳಿದ್ದು ಇಷ್ಟೇ: "ಬ್ಯಾಗ್ ಮಡಿಲಲ್ಲಿ ಇಟ್ಕೊಂಡು ಕೂತಿದ್ರು ಸಾರ್. ಹಿಟ್ಟು ಬಿಸಿ ಇತ್ತಲ್ಲ, ಆರಲಿ ಅಂತ ಕೂತಿದಾರೆ ಅಂದ್ಕೊಂಡೆ. ಹಿಟ್ಟು ಆರೋಯ್ತು, ಅವರು ಏಳಲೇ ಇಲ್ಲ."

*

ಬಿಸಿಲು ನೆತ್ತಿಗೆ ಬರುವ ಮುನ್ನ ಎತ್ತಬೇಕು ಎಂದು ಹಿರಿಯರು ಅವಸರಿಸಿದರು. ಚಟ್ಟ ಕಟ್ಟಿ ಆಗಿತ್ತು. ತಮಟೆಯವರು ಹುಲ್ಲಿನ ಬೆಂಕಿಗೆ ತಮಟೆ ಕಾಯಿಸುತ್ತಿದ್ದರು. ಮುನಿಯಪ್ಪ ಗಂಟು ಬಿಚ್ಚಿದ.

ಕುಸುಮಾ ಮಾವನ ಎದುರು ನಿಂತಳು. "ಮಾವ, ಅತ್ತೆ ಬೇಡ ಅಂದಿದ್ರು. ನೀವೊಂದು ಮಾತು ಹೇಳಿದ್ರೆ ಎಲ್ಲಾ ಕೇಳ್ತಾರೆ."

ಕೆಂಪಯ್ಯ ಅವಳನ್ನು ನೋಡಲಿಲ್ಲ. "ಶಾಸ್ತ್ರ ನಡೀಲಿ," ಎಂದ.

ನಡೆಯಿತು. ಮುನಿಯಪ್ಪನೂ ಅವನ ಹೆಂಡತಿಯೂ ಸೆರಗು ಹರಡಿ ಬೊಗಸೆಯಲ್ಲಿ ಅಕ್ಕಿ ಸುರಿದರು. ಕೊಬ್ಬರಿ ಬಟ್ಟಲು, ಬೆಲ್ಲದ ಅಚ್ಚು, ಎಲೆ, ಅಡಿಕೆ, ಹಸಿರು ಬಳೆ. ಮುನಿಯಪ್ಪನ ಕಣ್ಣೀರು ಅಕ್ಕಿಯ ಮೇಲೆ ಬೀಳುತ್ತಿತ್ತು. ಅವನ ಅಳುವಿನಲ್ಲಿ ಕಪಟವಿರಲಿಲ್ಲ. ಗಂಟು ಕಟ್ಟಬೇಕು ಎನ್ನುವಾಗ ಬೀದಿಯ ತುದಿಮನೆಯ ಚೌಡಮ್ಮಜ್ಜಿ ಕೋಲೂರಿಕೊಂಡು ಹತ್ತಿರ ಬಂದಳು. ಹೆಣದ ಕೆನ್ನೆ ಸವರಿದಳು. ಸೊಂಟದ ಚೀಲದಿಂದ ಹೊಗೆಸೊಪ್ಪಿನ ಒಂದು ತುಂಡನ್ನೂ ಎಲೆಯನ್ನೂ ತೆಗೆದಳು.

"ಹೆಂಗೂ ಹೋಗ್ತಿದೀಯಲ್ಲವ್ವ ಮುನಿತಾಯಿ," ಎಂದಳು, "ನಮ್ಮವ್ವ ಸಿಕ್ತಾಳೆ ಅಲ್ಲಿ. ಇದನ್ನ ಕೊಟ್ಬಿಡು. ಹೊಗೆಸೊಪ್ಪಿಲ್ದೆ ಒದ್ದಾಡ್ತಿರ್ತಾಳೆ."

ಮಡಿಲಿಗೆ ಹಾಕಿದಳು. ಹೆಂಗಸರಲ್ಲಿ ಅಳು ಜೋರಾಯಿತು. ಒಬ್ಬಳು ಬಾಗಿ ಬೀಡಿ ಕಟ್ಟೊಂದನ್ನು ಇಟ್ಟಳು: "ನಮ್ ಯಜಮಾನ್ರಿಗೆ ಅಕ್ಕ, ಹೆಂಗೂ ಹೋಗ್ತಿದೀಯ." ಇನ್ನೊಬ್ಬಳು ಬಿಸ್ಕತ್ತಿನ ಪೊಟ್ಟಣ ತಂದಳು, ಅವಳ ಮೊಮ್ಮಗು ಹೋದ ಮಳೆಗಾಲದಲ್ಲಿ ಡೆಂಗ್ಯೂ ಜ್ವರದಲ್ಲಿ ಹೋಗಿತ್ತು. ಮತ್ತೊಬ್ಬಳು ಗಂಡನ ಕನ್ನಡಕ ತಂದಳು, ಮಣ್ಣು ಮಾಡುವಾಗ ಮರೆತಿದ್ದಳಂತೆ. ಸೆರಗು ಉಬ್ಬಿತು. ತಮ್ಮನ ಹೆಂಡತಿ ಗಂಟು ಹಾಕಲು ಹೋದರೆ ತುದಿಗಳು ಸಾಲಲಿಲ್ಲ. "ಇನ್ನೊಂದು ಟವಲ್ ತನ್ನಿ," ಎಂದು ಯಾರೋ ಕೂಗಿದರು, "ಸೇರಿಸಿ ಕಟ್ಟೋಣ."

ಹೆಂಗೂ ಹೋಗ್ತಿದೀಯಲ್ಲ. ಕೆಂಪಯ್ಯ ಟೀ ಲೋಟವನ್ನು ಕುರ್ಚಿಯ ಕೆಳಗಿಡಲು ಬಾಗಿದವನು ಹಾಗೇ ಸ್ವಲ್ಪ ಹೊತ್ತು ಬಾಗಿಯೇ ಇದ್ದ. ಆ ಮಾತು ಅವನ ಮನೆಯದು. ಅದನ್ನು ಇವರೆಲ್ಲ ಎಲ್ಲಿ ಕಲಿತರು?

ಕುಸುಮಾ ಒಳಗೆ ಹೋದಳು. ಅಡುಗೆಮನೆಯ ಮೂಲೆಯಲ್ಲಿ ನಿನ್ನೆಯ ವೈರ್ ಬ್ಯಾಗು ಇತ್ತು. ಅದರೊಳಗಿನ ಹಿಟ್ಟಿನ ಚೀಲ ತೆಗೆದಿಟ್ಟು ಬ್ಯಾಗನ್ನು ಹೊರಗೆ ತಂದಳು. ಅತ್ತೆಯ ಪಕ್ಕ ಮಂಡಿಯೂರಿ ಕೂತು, ಒಂದು ಮಾತೂ ಆಡದೆ, ಸೆರಗಿನಲ್ಲಿದ್ದದ್ದನ್ನು ಬ್ಯಾಗಿಗೆ ಹಾಕತೊಡಗಿದಳು. ಅಕ್ಕಿಯನ್ನು ಹಳದಿ ಬಟ್ಟೆಗೇ ಮರಳಿ ಸುರಿದು ಗಂಟು ಕಟ್ಟಿದಳು. ಕೊಬ್ಬರಿ, ಬೆಲ್ಲ, ಬಳೆ, ಬೀಡಿ, ಬಿಸ್ಕತ್ತು, ಕನ್ನಡಕ.

"ಏಯ್, ಏನ್ಮಾಡ್ತಿದೀಯ!" ಮುನಿಯಪ್ಪ ಮುಂದೆ ಬಂದ. "ಭಾವ, ನೋಡಿ ನಿಮ್ ಸೊಸೆ!"

"ಕುಸುಮಾ!" ಎಂದ ಮೋಹನ್.

ಅವಳು ಸೆರಗನ್ನು ಕೊಡವಿ ನೇರ ಮಾಡಿದಳು. ಎದ್ದು, ಬ್ಯಾಗನ್ನು ಎರಡು ಕೈಯಲ್ಲಿ ಎತ್ತಿಕೊಂಡು ಮಾವನ ಮುಂದೆ ಹಿಡಿದಳು.

"ಒಂದೂ ಬಿಸಾಕಿಲ್ಲ ಮಾವ. ಎಲ್ಲಾ ಇದರಲ್ಲೇ ಇದೆ. ಅತ್ತೆ ಹಿಂದೆ ನೀವು ನಡ್ಕೊಂಡು ಬರ್ತೀರಲ್ಲ?"

"ಹೂಂ."

"ಹೆಂಗೂ ಹೋಗ್ತಿದೀರಲ್ಲ. ಇದನ್ನ ನೀವು ತಗೊಂಡು ಹೋಗಿ."

ತಮಟೆ ಕಾಯಿಸುತ್ತಿದ್ದವನು ಕೈ ನಿಲ್ಲಿಸಿದ. ಶಾಮಿಯಾನದ ಕೆಳಗೆ ಎಲ್ಲರೂ ಕೆಂಪಯ್ಯನನ್ನು ನೋಡುತ್ತಿದ್ದರು. ಅವನು ಎದ್ದು ನಿಂತ. ಸೊಸೆಗೆ ಬಯ್ಯುತ್ತಾನೆ ಎಂದುಕೊಂಡರು. ಅವನು ಬಲಗೈ ಚಾಚಿ ಬ್ಯಾಗು ತೆಗೆದುಕೊಂಡ. ಭಾರಕ್ಕೆ ಹೆಗಲು ಒಂದಿಷ್ಟು ಜಗ್ಗಿತು.

"ಭಾವ!" ಎಂದ ಮುನಿಯಪ್ಪ.

"ಗುಂಡಿ ತನಕ ನಾನು ತರ್ತೀನಿ ಮುನಿಯಪ್ಪ," ಎಂದ ಕೆಂಪಯ್ಯ. "ಅಲ್ಲಿ ಬೇಕಾದ್ರೆ ನೀನೇ ಇಡು. ಎತ್ರಿ ಈಗ."

*

ಮನೆತನದ ಸಮಾಧಿಗಳು ಇದ್ದದ್ದು ಕೆರೆಯಾಚೆ, ಮಾರದೆ ಉಳಿಸಿಕೊಂಡ ತುಂಡು ಜಮೀನಿನಲ್ಲಿ. ಬೀದಿಯ ಎರಡೂ ಕಡೆ ಕಾರು ನಿಲ್ಲಿಸಿದ್ದರಿಂದ ಗಾಡಿ ಬರುವಂತಿರಲಿಲ್ಲ. ಹೆಗಲ ಮೇಲೇ ಹೊರಟರು. ಮುಂದೆ ತಮಟೆ, ಅದರ ಹಿಂದೆ ಮೋಹನ್ ಮತ್ತು ಮೂವರು ಹೊತ್ತ ಚಟ್ಟ, ಚಟ್ಟದ ಹಿಂದೆ ಕೆಂಪಯ್ಯ. ಹೆಂಗಸರು ಬೀದಿಯ ಕೊನೆಯ ತನಕ ಬಂದು ನಿಂತರು. ಕುಸುಮಾಳೂ ಅಲ್ಲೇ ನಿಂತಳು.

ಜಗಲಿಗಳ ಮೇಲಿದ್ದವರು ಎದ್ದು ನಿಂತು ಕೈಮುಗಿದರು. ಇವತ್ತು ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ. ಹಾಲಿನ ಡೈರಿ ದಾಟಿತು. ಟೈಲರ್ ಅಂಗಡಿ ದಾಟಿತು. ಹಿಟ್ಟಿನ ಮಿಲ್ಲು ಬಂದಾಗ ಷಟರ್ ಅರ್ಧ ಇಳಿದಿತ್ತು. ಮಿಲ್ಲಿನವನು ಆ ಮೆಟ್ಟಿಲ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಕೆಂಪಯ್ಯ ಬ್ಯಾಗನ್ನು ಎಡಗೈ‌ಗೆ ಬದಲಿಸಿದ. ವೈರಿನ ಹಿಡಿಕೆ ಸಣ್ಣದು, ಭಾರ ಬಿದ್ದರೆ ಬೆರಳ ಸಂದಿಗೆ ಇಳಿದು ಕಚ್ಚುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಎಡಗೈಯೂ ಉರಿಯಿತು. ಮತ್ತೆ ಬಲಗೈಗೆ.

"ಕೊಡಿ ಯಜಮಾನ್ರೇ, ನಾನು ಹಿಡ್ಕೋತೀನಿ," ಎಂದ ಹಿಂದೆ ಬರುತ್ತಿದ್ದವನು.

"ಬೇಡ."

ಹೆಣಕ್ಕೆಂದು ತಂದದ್ದನ್ನು ದಾರಿಯಲ್ಲಿ ನೆಲಕ್ಕೆ ಇಡುವಂತಿಲ್ಲ. ಇಡಲು ಇದ್ದದ್ದು ಒಂದೇ ಜಾಗ, ಕೆರೆಯ ಮೂಲೆಯ ಅರಳಿಕಟ್ಟೆ. ಅಲ್ಲಿ ಚಟ್ಟ ಇಳಿಸಿ, ಹೊತ್ತವರು ಹೆಗಲು ಬದಲಿಸಿ, ಸುಧಾರಿಸಿಕೊಂಡು ಹೊರಡುವುದು ಹಿಂದಿನಿಂದ ಬಂದದ್ದು. ಕಟ್ಟೆ ಕಂಡಾಗ ಕೆಂಪಯ್ಯನ ಕಣ್ಣು ಅದರ ಮೇಲೇ ನೆಟ್ಟಿತು. ಅಂಗಿ ಬೆನ್ನಿಗೆ ಅಂಟಿತ್ತು. ಉಸಿರು ಮೇಲೆ ಬಂದಿತ್ತು. ಮುಂದೆ ಚಟ್ಟ ಒಂದೇ ಸಮ ತೂಗುತ್ತ ಹೋಗುತ್ತಿತ್ತು. ಮುನಿತಾಯಮ್ಮನ ಕೈಗಳನ್ನು ಕುಸುಮಾ ಎದೆಯ ಮೇಲೆ ಕಟ್ಟಲು ಬಿಡದೆ ಪಕ್ಕದಲ್ಲಿ ಚಾಚಿಸಿದ್ದಳು. ಹೊತ್ತವರ ಹೆಜ್ಜೆಗೆ ಅವು ಬಿದಿರಿನ ಅಂಚಿನಲ್ಲಿ ಸಣ್ಣಗೆ ಅಲುಗುತ್ತಿದ್ದವು, ಮಡಚಿದ ಬೆರಳುಗಳಲ್ಲಿ ಏನೂ ಇಲ್ಲದೆ.

"ಅಪ್ಪ, ಇಳಿಸೋಣ್ವಾ?" ಮೋಹನ್ ತಿರುಗದೆ ಕೇಳಿದ.

ಕೆಂಪಯ್ಯ ಕಟ್ಟೆಯನ್ನು ನೋಡಿದ.

"ಬೇಡ," ಎಂದ. "ನಡೀರಿ. ನಿಲ್ಲಬೇಡಿ."

"ಅಲ್ಲಪ್ಪ, ಶಾಸ್ತ್ರ..."

"ನಡೀರೋ ಅಂದೆ."

ತಮಟೆಯವರು ಒಂದು ಗಳಿಗೆ ತಬ್ಬಿಬ್ಬಾಗಿ, ಮತ್ತೆ ಬಡಿತ ಹಿಡಿದರು. ಚಟ್ಟ ಕಟ್ಟೆಯನ್ನು ದಾಟಿ, ಕೆರೆಯ ಬೇಲಿಯ ಪಕ್ಕದಲ್ಲೇ ಸಾಗಿತು. ಗೇಟಿಗೆ ಬೀಗ ಹಾಕಿತ್ತು; ಅದು ವಾಕಿಂಗಿನ ಹೊತ್ತಲ್ಲ. ವಾಚ್‌ಮನ್ ಟೋಪಿ ತೆಗೆದು ನಿಂತ. ನೀಲಗಿರಿ ಮರ ಬಂದಿತು. ಮುನಿತಾಯಮ್ಮ ಅದನ್ನೂ ದಾಟಿ ಹೋದಳು.

ಗುಂಡಿಗೆ ಇಳಿಸಿ ಆದ ಮೇಲೆ, ಕಟ್ಟು ಬಿಚ್ಚಿ, ಮುಖದ ಮೇಲಿನ ಬಟ್ಟೆ ಸರಿಸಿದರು. "ತವರಿನೋರು ಇಡೋದಿದ್ರೆ ಇಟ್ಬಿಡಿ," ಎಂದ ಗುಂಡಿ ತೆಗೆದವನು. ಮುನಿಯಪ್ಪ ಭಾವನ ಬಳಿಗೆ ಬಂದು ಬ್ಯಾಗಿನ ಹಿಡಿಕೆಗೆ ಕೈ ಹಾಕಿದ. ಅದು ಬರಲಿಲ್ಲ. ಹಿಡಿಕೆಯನ್ನು ಬೆರಳುಗಳ ತುದಿಯಿಂದ ಜಾರಿಸಿ ತೆಗೆಯಬೇಕಾಯಿತು. ಬ್ಯಾಗನ್ನು ಎತ್ತಿದಾಗ ಅದರ ಭಾರ ಅವನಿಗೂ ತಿಳಿಯಿತು. ಗುಂಡಿಯ ಅಂಚಿಗೆ ಹೋಗಿ ಕೆಳಗೆ ಅಕ್ಕನನ್ನು, ಎರಡೂ ಪಕ್ಕಕ್ಕೆ ಚಾಚಿದ್ದ ಅವಳ ಕೈಗಳನ್ನು ನೋಡಿದ. ಬ್ಯಾಗನ್ನು ಕೆಳಗಿಳಿಸದೆ ಹಿಂದೆ ಸರಿದು ನಿಂತ.

"ಸರಿ, ಯಜಮಾನ್ರು ಮೊದಲು. ಹಿಡಿ ಮಣ್ಣು ಹಾಕಿ," ಎಂದ ಗುಂಡಿ ತೆಗೆದವನು.

ಕೆಂಪಯ್ಯ ಮುಂದೆ ಬಂದು ಬಲಗೈ ಚಾಚಿದ. ಮೋಹನ್ ಬಾಗಿ ಒಂದು ಬೊಗಸೆ ಕೆಂಪು ಮಣ್ಣು ತೆಗೆದು ಅಪ್ಪನ ಕೈಗೆ ಸುರಿದ. ಬ್ಯಾಗು ಹೋಗಿದ್ದರೂ ಬೆರಳುಗಳು ಮಡಚಿಕೊಂಡೇ ಇದ್ದವು. ಅಡ್ಡಕ್ಕೆ ಕೆಂಪಗೆ ಗೆರೆ ಬಿದ್ದಿತ್ತು. ಮಣ್ಣು ಅವುಗಳ ಮೇಲೆ ಬಿದ್ದು, ನಿಲ್ಲದೆ, ಅವನ ಪಾದಗಳ ಮೇಲೆ ಉದುರಿತು.

"ಕೈ ಬಿಚ್ಚಪ್ಪ," ಎಂದ ಮೋಹನ್.